ಸ್ಪ್ಯಾಮ್ ಫೋಲ್ಡರ್ ರಿವ್ಯೂ: ಕಾಮಿಡಿ ಸೂಪರ್, ರಿಪ್ಲೈ ಮಾತ್ರ ಮಾಡ್ಬೇಡಿ

ಎಲ್ರೂ ಹೋಟ್ಲು ರಿವ್ಯೂ ಬರೀತಾರೆ, ಓಟಿಟಿ ರಿವ್ಯೂ ಬರೀತಾರೆ, ಒಂದು ಪೈಸೆ ತಗೊಳ್ದೆ ದಿನಾ ಹೊಸ ಕತೆ ತಂದ್ಹಾಕೋ ಜಿಮೇಲ್ ಸ್ಪ್ಯಾಮ್ ಫೋಲ್ಡರ್ ಬಗ್ಗೆ ಮಾತ್ರ ಯಾರೂ ಬರಿಯಲ್ಲ, ಅದಕ್ಕೇ ಇದು. ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, ಕಾಮಿಡಿಗೆ 5ಕ್ಕೆ 4, ಸೇಫ್ಟಿಗೆ 3. 30 ದಿನ ಆದ್ಮೇಲೆ ತಾನೇ ಡಿಲೀಟ್ ಆಗೋಗುತ್ತೆ, ಹಳೇ ಎಪಿಸೋಡ್ ಬೇಕು ಅಂದ್ರೆ ಸಿಗಲ್ಲ.

ಇದರ ಹೀರೋ ರಿಸರ್ವ್ ಬ್ಯಾಂಕ್ ಗವರ್ನರ್ ಸಾಹೇಬ್ರು. ರೆಪೋ ರೇಟ್ ನೋಡ್ಕೊಳ್ಳೋ ದೊಡ್ಮನುಷ್ಯ ಎಲ್ಲಾ ಕೆಲ್ಸ ಬಿಟ್ಟು ನಂಗೆ ಮೇಲ್ ಹಾಕಿ, ನಿಮ್ಮ ಹೆಸ್ರಲ್ಲಿ ಕೋಟಿಗಟ್ಟಲೆ ದುಡ್ಡು ಬಂದು ಕೂತಿದೆ ಅಂತಾರೆ, ಅದೂ ಯಾವ್ದೋ ಫ್ರೀ ಮೇಲ್ ಐಡಿಯಿಂದ, ನನ್ನ ಹೆಸ್ರೂ ಗೊತ್ತಿಲ್ದೆ 'ಡಿಯರ್ ಬೆನಿಫಿಷಿಯರಿ' ಅಂತ. ದುಡ್ಡು ಬಿಡುಗಡೆ ಆಗ್ಬೇಕಾದ್ರೆ ಮೊದ್ಲು ನಾವು ಫೀಸ್ ಕಟ್ಬೇಕಂತೆ. ಇದನ್ನ ಜೋರಾಗಿ ಓದಿ ಹೇಳಿದ್ರೆ ನಮ್ಮತ್ತೆ 'ಫೀಸ್ ಅದ್ರಲ್ಲೇ ಹಿಡ್ಕೊಂಡು ಮಿಕ್ಕಿದ್ದು ಕೊಡಪ್ಪಾ ಅನ್ನು' ಅಂದ್ರು. ಮುಗೀತು ಕತೆ! ನಾವು ಜನರ ಅಕೌಂಟ್ ಇಟ್ಕೊಳ್ಳೋದೇ ಇಲ್ಲ ಅಂತ ಆರ್‌ಬಿಐ ಎಷ್ಟೋ ವರ್ಷದಿಂದ ಹೇಳ್ತಾ ಇದೆ, ಆದ್ರೆ ನಮ್ಮನೇಲಿ ಕೆಲ್ಸ ಮಾಡಿದ್ದು ಅತ್ತೆ ಡೈಲಾಗೇ, ಈಗ ಲಾಟರಿ ಲೋನು ಏನೇ ಬಂದ್ರೂ ಮಕ್ಳೂ ಸೇರಿ 'ಅದ್ರಲ್ಲೇ ಹಿಡ್ಕೊಳ್ಳಿ' ಅಂತ ಶುರು ಹಚ್ಕೊಳ್ತಾರೆ.

ಕತೆ ಹೊಸದೇನಲ್ಲ. 19ನೇ ಶತಮಾನದಲ್ಲೇ, ಸ್ಪೇನಿನ ಜೈಲಲ್ಲಿ ಒಬ್ಬ ಶ್ರೀಮಂತ ಸಿಕ್ಕಾಕೊಂಡಿದ್ದಾನೆ, ಬಿಡಿಸೋಕೆ ದುಡ್ಡು ಕಳ್ಸಿ, ನಿಧೀಲಿ ಪಾಲು ಕೊಡ್ತೀವಿ ಅಂತ ಕಾಗದ ಬರೀತಿದ್ರು. ಆಮೇಲೆ ನನ್ನ ಆಸ್ತಿ ಹೊರಗೆ ತರೋಕೆ ಸಹಾಯ ಮಾಡಿ ಅಂತ ಮೇಲ್ ಹಾಕೋ ನೈಜೀರಿಯಾ ರಾಜಕುಮಾರ ಬಂದ, ಅಲ್ಲಿನ ಕ್ರಿಮಿನಲ್ ಕೋಡ್ ಸೆಕ್ಷನ್ 419ರಿಂದ ಈ ಮೋಸಕ್ಕೇ 419 ಅಂತ ಹೆಸ್ರು ಬಿತ್ತು.

ಇಷ್ಟು ಪೆದ್ದುಪೆದ್ದಾಗಿ ಯಾಕೆ ಬರೀತಾರೆ ಅಂತ ನಂಗೂ ಅನ್ಸೋದು. ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಕ್ ಹರ್ಲಿ ಅನ್ನೋರು 2012ರಲ್ಲಿ ಇದಕ್ಕೇ ಒಂದು ಪೇಪರ್ ಬರೆದಿದ್ದಾರೆ. ಲಕ್ಷ ಜನಕ್ಕೆ ಮೇಲ್ ಕಳ್ಸೋಕೆ ಖರ್ಚಿಲ್ಲ, ಆದ್ರೆ ರಿಪ್ಲೈ ಮಾಡ್ದೋರ ಜೊತೆ ದಿನಗಟ್ಟಲೆ ಮಾತಾಡ್ಬೇಕಲ್ಲ, ಅದಕ್ಕೆ ಟೈಮ್ ಬೇಕು, ಅರ್ಧ ದಾರೀಲಿ ಡೌಟ್ ಬಂದು ಓಡಿ ಹೋಗೋರು ಸಿಕ್ರೆ ಅವ್ರಿಗೆ ಲಾಸ್. ಹಾಗಾಗಿ ನಗೋರು ಮೊದ್ಲೇ ನಕ್ಕು ಆಚೆ ಹೋಗ್ಲಿ ಅಂತಾನೇ ಕತೆ ಹಂಗಿರುತ್ತೆ.

ಸರಿ, ಸೇಫ್ಟಿಗೆ ಯಾಕೆ 3? ನಗು ಬರೋ ಮೇಲೆಲ್ಲಾ ಫೋಲ್ಡರ್ ಒಳಗೆ ಕೂತಿರುತ್ತೆ, ನಗು ಬರದೇ ಇರೋದು ನೆಟ್ಟಗೆ ಇನ್‌ಬಾಕ್ಸಿಗೆ ಬಂದ್ಬಿಡುತ್ತೆ. ಟ್ಯಾಕ್ಸ್ ರೀಫಂಡು, ಕೊರಿಯರ್ರು, ಸಿಬಿಐ ಹೆಸ್ರಲ್ಲಿ ಸೀಲ್ ಮೇಲೆ ಸೀಲ್ ಒತ್ತಿರೋ ಪಿಡಿಎಫ್ಫು, ಈಗ ಎಐ ಬೇರೆ ಬಂದು ಗ್ರಾಮರ್ ತಪ್ಪೂ ಇರಲ್ಲ. ಇಂಥವಕ್ಕೆ ನಂದೊಂದು ಐಡಿಯಾ, ಸೀರಿಯಲ್ ವಿಲನ್ ವಾಯ್ಸಲ್ಲಿ ಓದೋದು. '24 ಗಂಟೆ ಒಳಗೆ ನಿನ್ನ ಅಕೌಂಟ್ ಬ್ಲಾಕ್ ಮಾಡ್ತೀನೀ' ಅಂತ ಎಳೆದು ಓದಿದ್ರೆ ಗಾಬರಿ ಅರ್ಧ ಇಳಿಯುತ್ತೆ, ಆಮೇಲೆ ನಿಧಾನಕ್ಕೆ ಕಳ್ಸಿದೋರ ಹೆಸ್ರು ಬಿಟ್ಟು ಅದರ ಪಕ್ಕದ ಮೇಲ್ ಐಡಿ ನೋಡ್ಬೋದು. ಟ್ಯಾಕ್ಸ್ ರೀಫಂಡ್ ನೀವು ಇನ್‌ಕಂ ಟ್ಯಾಕ್ಸ್ ಪೋರ್ಟಲಲ್ಲಿ ವ್ಯಾಲಿಡೇಟ್ ಮಾಡಿರೋ ಅಕೌಂಟಿಗೇ ಬರುತ್ತೆ, ಮೇಲಲ್ಲಿ ಬಂದ ಲಿಂಕ್ ಒತ್ತಿ ಕಾರ್ಡ್ ನಂಬರ್ ಕೊಡೋ ಅಗತ್ಯಾನೇ ಇಲ್ಲ. ಬ್ಯಾಂಕ್ ವೆಬ್‌ಸೈಟ್‌ಗಳಿಗೂ 2025ರ ಅಕ್ಟೋಬರ್ ಒಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಿ ಅಂತ ಆರ್‌ಬಿಐ ಹೇಳಿತ್ತು, ಅಡ್ರೆಸ್ಸಿನ ಬಾಲ ಒಂದ್ಸಲ ನೋಡಿ.

ಕಳ್ಳರನ್ನ ಆಟ ಆಡಿಸೋಣ ಅಂತ ರಿಪ್ಲೈ ಮಾಡೋ ಹುಡುಗ್ರೂ ಇದಾರೆ. ನ್ಯೂಜಿಲೆಂಡಿನ ನೆಟ್‌ಸೇಫ್ ಸಂಸ್ಥೆ 2017ರಲ್ಲಿ ಇದಕ್ಕೇ ರೀ:ಸ್ಕ್ಯಾಮ್ ಅಂತ ಒಂದು ಬಾಟ್, ಅಂದ್ರೆ ತಾನೇ ರಿಪ್ಲೈ ಮಾಡೋ ಪ್ರೋಗ್ರಾಂ, ಬಿಟ್ಟಿತ್ತು, ಮೋಸದ ಮೇಲ್ ಅದಕ್ಕೆ ಫಾರ್ವರ್ಡ್ ಮಾಡಿದ್ರೆ ಅದೇ ತಲೆಹರಟೆ ಮಾತಾಡಿ ಕಳ್ಳರ ಟೈಮ್ ತಿಂತಿತ್ತು. ಅದು ಬಾಟ್ ಮಾಡೋ ಕೆಲ್ಸ ಸ್ವಾಮಿ, ನಾವು ರಿಪ್ಲೈ ಮಾಡಿದ್ರೆ ಈ ಐಡಿ ಜೀವಂತ ಇದೆ ಅಂತ ನಾವೇ ಹೇಳ್ಕೊಟ್ಟಂಗೆ.

ಇನ್ನೊಂದು, ಮೇಲ್ ನೋಡಿ ಎಷ್ಟಾದ್ರೂ ನಗಿ, ದುಡ್ಡು ಕಳ್ಕೊಂಡೋರನ್ನ ನೋಡಿ ನಗ್ಬೇಡಿ. ಆಡ್ಕೊಳ್ತಾರೆ ಅಂತ ಅವ್ರು ಬಾಯಿ ಮುಚ್ಕೊಂಡು ಕೂತ್ರೆ ಟೈಮ್ ಹೋಗುತ್ತೆ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಎಷ್ಟು ಬೇಗ ಫೋನ್ ಮಾಡ್ತಾರೋ ದುಡ್ಡು ಅಲ್ಲೇ ತಡೆಯೋ ಚಾನ್ಸ್ ಅಷ್ಟು ಜಾಸ್ತಿ.