ಗಾಂಜಾ ಬಿಟ್ಟರೂ ದನಿ ಕೇಳಿಸುತ್ತಿದ್ದರೆ ವ್ಯಸನಮುಕ್ತಿ ಕೇಂದ್ರವನ್ನು ನಂಬಿ ಕೂರಬೇಡಿ

ಮನೆಯ ಹುಡುಗ ಗಾಂಜಾ ಸೇದುತ್ತಿದ್ದು, ಈಗ ಯಾರೋ ಬೈಯುವ ದನಿ ಕೇಳಿಸುತ್ತದೆ ಎನ್ನುತ್ತಿದ್ದರೆ, ಯಾವುದಾದರೂ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಇದನ್ನು ಓದಿ.

ನನ್ನ ಅಕ್ಕನ ಮಗ ಪಿಯುಸಿಯಿಂದಲೇ ಸೇದುತ್ತಿದ್ದ. ಇಂಜಿನಿಯರಿಂಗ್ ಓದುವಾಗ ಮೊಬೈಲ್ ಕ್ಯಾಮೆರಾಕ್ಕೆ ಗಾಯದ ಪಟ್ಟಿ ಅಂಟಿಸಿದ. ಕುಕ್ಕರ್ ಕೂಗಿದರೆ "ಮಾವ, ಅದು ನನಗೇ ಕೊಡುತ್ತಿರುವ ಸೂಚನೆ" ಎಂದು ಓಡಿಹೋಗಿ ಒಲೆ ಆರಿಸುತ್ತಿದ್ದ. ಊರ ಹೊರಗಿನ ಕೇಂದ್ರವೊಂದರಲ್ಲಿ "ಎಲ್ಲ ಗಾಂಜಾದ ಪ್ರಭಾವ ಸರ್, ಮೈಯಿಂದ ಇಳಿದರೆ ಸರಿಹೋಗುತ್ತಾನೆ" ಎಂದರು. ಮೂರು ತಿಂಗಳ ಹಣ ಮುಂಗಡ. ಮೊದಲ ತಿಂಗಳು ಭೇಟಿ ಇಲ್ಲ. ಬೆಳಿಗ್ಗೆ ಯೋಗ, ಸಂಜೆ ಭಜನೆ, ಎದುರು ಮಾತನಾಡಿದರೆ ಏಟು. ಮನೋವೈದ್ಯರು ಇದ್ದದ್ದು ನಾಮಫಲಕದಲ್ಲಿ ಮಾತ್ರ. ಗಾಂಜಾದ ವಾಸನೆಯೂ ಇಲ್ಲದ ಆ ಜಾಗದಲ್ಲಿ ದನಿಗಳು ಹೆಚ್ಚಾದವು. ಹೇಳಿಕೊಂಡರೆ "ನಾಟಕ" ಎಂದು ಊಟ ತಪ್ಪಿಸಿದರಂತೆ.

ಆಮೇಲೆ ನೋಡಿದ ಮನೋವೈದ್ಯೆ ಹೇಳಿದ್ದು ಇಷ್ಟು: ಗಾಂಜಾದಿಂದಷ್ಟೇ ಬಂದ ಭ್ರಮೆ, ಸೇದುವುದನ್ನು ಬಿಟ್ಟ ಕೆಲವು ದಿನ, ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ; ತಿಂಗಳು ದಾಟಿದರೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮಾನಸಿಕ ಕಾಯಿಲೆ) ಇರಬಹುದೇ ಎಂದು ನೋಡಲೇಬೇಕು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ಬಳಿಕ "ಮನೆಯಲ್ಲಿ ಯಾರಿಗಾದರೂ ಇತ್ತೇ?" ಎಂದು ಕೇಳಿದರು. ಭಾವನ ತಮ್ಮನ ವಿಷಯ ಹೇಳಲು ಅಕ್ಕ ತಡವರಿಸಿದಳು. ಮದುವೆಯ ಕಾಲದಿಂದಲೂ ಆ ಮನೆಯವರು ಮುಚ್ಚಿಟ್ಟಿದ್ದ ಮಾತದು. ರಕ್ತಸಂಬಂಧಿಗಳಲ್ಲಿ ಈ ಕಾಯಿಲೆ ಇದ್ದವರಿಗೆ ಗಾಂಜಾ ಇನ್ನಷ್ಟು ಅಪಾಯ.

ಸೇದಿದವರಲ್ಲಿ ಬಹುಪಾಲು ಜನರಿಗೆ ಇದು ಬರುವುದಿಲ್ಲ, ನಿಜ. ಆದರೆ ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ ಸುಮಾರು 45,000 ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50ಕ್ಕೂ ಹೆಚ್ಚು ಬಾರಿ ಸೇದಿದ್ದವರಿಗೆ ಸ್ಕಿಜೋಫ್ರೇನಿಯಾದ ಅಪಾಯ ಆರು ಪಟ್ಟು ಇತ್ತು. ಗಾಂಜಾದಲ್ಲಿ ಮತ್ತು ತರಿಸುವ ಅಂಶವಾದ ಟಿಎಚ್‌ಸಿ ಹೆಚ್ಚಿರುವ ಮಾಲನ್ನು ದಿನವೂ ಸೇದುವವರಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಬರುವ ಸಾಧ್ಯತೆ ಸುಮಾರು ಐದು ಪಟ್ಟು ಎಂದು 2019ರ ಯುರೋಪಿನ ಅಧ್ಯಯನ ಹೇಳಿತು. ಈಗ ಕಾಲೇಜು ಹುಡುಗರ ಕೈಗೆ ಸಿಗುತ್ತಿರುವ ಹೈಡ್ರೋ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ಅದೇ ಜಾತಿಯದು. "ಸಾಧುಗಳು ಸೇದುವುದಿಲ್ಲವೇ" ಎನ್ನುವ ಗೆಳೆಯರು ಆಸ್ಪತ್ರೆಯ ವಾರ್ಡಿನ ಕಡೆ ತಲೆ ಹಾಕಲಿಲ್ಲ, ಬಿಡಿ.

ಕೇಂದ್ರಕ್ಕೆ ಸೇರಿಸಲೇಬೇಕಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಕೇಳಿ. ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿ, ಆ ದಿನವೇ ಹೋಗಿ ನೋಡಿ. ಭೇಟಿಗೆ ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ಹಿಂತಿರುಗಿ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಮೊದಲು ತೋರಿಸಿ. ಅಪರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತನಾಡುತ್ತಾರೆ, ಉಚಿತ.