ಪ್ಯಾನ್, ಸ್ಲೂಸ್, ತೊಟ್ಟಿಲು: ತೊರೆಯ ಚಿನ್ನಕ್ಕೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ತೊರೆಯ ಗರಸಿನಿಂದ ಚಿನ್ನ ಬೇರೆ ಮಾಡಲು ಗ್ಯಾರೇಜಿನಲ್ಲಿ ಪ್ಲೈವುಡ್ ಕೊಯ್ದು ಮಾಡಿಕೊಂಡ ತೊಟ್ಟಿಲು, ಅಂದರೆ ಜರಡಿಯಿರುವ ತೂಗುವ ಪೆಟ್ಟಿಗೆಯೇ ನನಗೆ ಇಷ್ಟ. ದುಡ್ಡು ಕೊಟ್ಟು ತಂದ ಅಲ್ಯುಮಿನಿಯಂ ಸ್ಲೂಸ್ (ಹರಿವ ನೀರಿನಲ್ಲಿಟ್ಟು ಗರಸು ತೊಳೆಯುವ ಕಾಲುವೆ) ಈಗ ಗೋಡೆಗೆ ಒರಗಿ ನಿಂತಿದೆ. ಮೇ ತಿಂಗಳ ಹೊತ್ತಿಗೆ ಒಂದೆರಡು ವಾರ ಹೊರಗೆ ಬಂದರೆ ಬಂತು. ಕೈಯಲ್ಲಿ ಹಿಡಿದು ಗರಸು ತೊಳೆಯುವ ತಟ್ಟೆ, ಅಂದರೆ ಪ್ಯಾನ್ ಇಲ್ಲದೆ ಇವೆರಡರ ಕೆಲಸವೂ ಮುಗಿಯುವುದಿಲ್ಲ, ಹಾಗಾಗಿ ಅದನ್ನು ಇವುಗಳ ಎದುರಾಳಿ ಎನ್ನಲು ಮನಸ್ಸು ಬಾರದು. ಆದರೂ ಹೊಸಬರು ಮೊದಲು ಕೇಳುವುದು ಅದನ್ನೇ ಆದ್ದರಿಂದ ಸೇರಿಸಿದ್ದೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ ಚಿನ್ನ ಕಂಡ ಕೊಲೋಮಾ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ನಮ್ಮೂರು ಬಂಗಾರಪೇಟೆ. ನಮ್ಮ ಕಡೆ ಚಿನ್ನವೆಂದರೆ ಕೆಜಿಎಫ್, ಕೆಜಿಎಫ್ ಎಂದರೆ ಬಿಳಿಕಲ್ಲಿನ ಒಳಗೆ ಸೇರಿಕೊಂಡ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದ ಸುರಂಗ. 2001ರ ಫೆಬ್ರವರಿ 28ರಂದು ಆ ಗಣಿ ಮುಚ್ಚಿತು. ಅಂಥ ಊರಿನಿಂದ ಬಂದವನಿಗೆ, ಮೊಣಕಾಲುದ್ದ ನೀರಿನಲ್ಲಿ ನಿಂತು ಗರಸು ತೊಳೆದರೆ ಚಿನ್ನದ ಚಕ್ಕೆ ಕಣ್ಣಿಗೆ ಬೀಳುತ್ತದೆ ಎಂದರೆ ನಂಬುವುದೇ ಕಷ್ಟವಾಗಿತ್ತು. ಈ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ಮೂರು ಉಪಕರಣಗಳ ಹಿಂದಿರುವ ತತ್ವ ಒಂದೇ. ಚಿನ್ನ ತನ್ನಷ್ಟೇ ಗಾತ್ರದ ನೀರಿಗಿಂತ 19.3 ಪಟ್ಟು ಭಾರ. ಬಿಳಿಕಲ್ಲಿನ ಮರಳು 2.65 ಪಟ್ಟು, ತಳದಲ್ಲಿ ಉಳಿಯುವ ಕಪ್ಪು ಮರಳಿನ ಮ್ಯಾಗ್ನೆಟೈಟ್ ಸುಮಾರು 5.2 ಪಟ್ಟು. ನೀರಿನಲ್ಲಿ ಅಲುಗಾಡಿಸಿದರೆ ಭಾರದ್ದು ಕೆಳಗೆ ಇಳಿಯುತ್ತದೆ, ಹಗುರದ್ದು ಮೇಲಿನಿಂದ ಕೊಚ್ಚಿಹೋಗುತ್ತದೆ. ಆ ನೀರನ್ನು ಹರಿಸುವವರು ಯಾರು, ಎಷ್ಟು ಹರಿಸಬೇಕು ಎನ್ನುವುದರಲ್ಲೇ ಮೂರಕ್ಕೂ ವ್ಯತ್ಯಾಸ. ನನ್ನ ತೀರ್ಮಾನವೆಲ್ಲ ನಿಂತಿರುವುದು ಈ ನೀರಿನ ಮೇಲೆಯೇ.

ಪ್ಯಾನಿನ ವಿಷಯ ಬೇಗ ಮುಗಿಸುತ್ತೇನೆ. 14 ಇಂಚಿನ ಹಸಿರು ಪ್ಲಾಸ್ಟಿಕ್ಕಿನದು, ಒಂದು ಪಕ್ಕಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅಡ್ಡಗೆರೆ ಇರುವುದನ್ನು ತೆಗೆದುಕೊಳ್ಳಿ, 15 ಡಾಲರಿನ ಆಸುಪಾಸು ಸಿಗುತ್ತದೆ. ಹಸಿರಿನ ಮೇಲೆ ಕಪ್ಪು ಮರಳೂ ಹಳದಿ ಕಣವೂ ಎದ್ದು ಕಾಣುತ್ತವೆ. ಕಬ್ಬಿಣದ ಪ್ಯಾನ್ ಬೇಡ, ಕಪ್ಪು ಮರಳನ್ನು ಆಯಸ್ಕಾಂತದಿಂದ ಎಳೆಯಲು ಹೋದರೆ ಆಯಸ್ಕಾಂತ ಪ್ಯಾನಿಗೇ ಅಂಟಿಕೊಳ್ಳುತ್ತದೆ. ಹೊಸ ಪ್ಯಾನಿನಲ್ಲಿ ಎಣ್ಣೆಯ ಪಸೆ ಇರುವುದರಿಂದ ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿ, ಮರಳಿನಿಂದ ಉಜ್ಜಿ ಸ್ವಲ್ಪ ಒರಟು ಮಾಡಿಕೊಳ್ಳಬೇಕು. ಇಲ್ಲವಾದರೆ ಹಿಟ್ಟಿನಂಥ ಚಿನ್ನ ನೀರಿನ ಮೇಲೆಯೇ ತೇಲಿ ಅಂಚು ದಾಟಿ ಹೋಗಿಬಿಡುತ್ತದೆ. ಅಕ್ಕಿ ಗಾಳಿಸಿ ಕಲ್ಲು ಬೇರೆ ಮಾಡಿದ ಕೈಗೆ ಇದನ್ನು ಕಲಿಸುವುದೇ ಬೇಕಿಲ್ಲ. ನನ್ನ ಹೆಂಡತಿ ಮೊದಲ ದಿನವೇ ನನಗಿಂತ ಚೆನ್ನಾಗಿ ತಿರುಗಿಸಿದಳು. ಪ್ಯಾನಿನ ಮಿತಿ ಬೆನ್ನು ಮತ್ತು ಮಂಡಿ. ಬಕೆಟ್ಟುಗಟ್ಟಲೆ ಗರಸನ್ನು ಪ್ಯಾನಿನಲ್ಲೇ ತೊಳೆಯುತ್ತೇನೆ ಎಂದರೆ ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿಯುತ್ತದೆ.

ಇನ್ನು ಸ್ಲೂಸ್. ಅಲ್ಯುಮಿನಿಯಂ ತಗಡಿನ ಉದ್ದನೆಯ ಕಾಲುವೆ, ಒಳಗೆ ರಬ್ಬರಿನ ಗೀರುಚಾಪೆ, ಅದರ ಮೇಲೆ ಅಡ್ಡಪಟ್ಟಿಗಳು. ತೊರೆಯ ಹರಿವಿನಲ್ಲಿಟ್ಟು ಮೇಲಿನಿಂದ ಗರಸು ಸುರಿದರೆ ನೀರೇ ಕೆಲಸ ಮಾಡುತ್ತದೆ. ಹಗುರ, ನೋಡಲೂ ಚಂದ, ಬೆನ್ನಿಗೆ ಕಟ್ಟಿಕೊಂಡು ನಡೆಯಬಹುದು. 130 ಡಾಲರ್ ಕೊಟ್ಟೆ. ಜೂನ್ ತಿಂಗಳ ಮೊದಲ ವಾರ ತಂದದ್ದು.

ಸಿಯೆರಾ ನೆವಾಡಾದ ತೊರೆಗಳಿಗೆ ನೀರು ಬರುವುದು ಚಳಿಗಾಲದ ಮಳೆಯಿಂದ ಮತ್ತು ಹಿಮ ಕರಗುವುದರಿಂದ. ಬೇಸಿಗೆಯಲ್ಲಿ ಇಲ್ಲಿ ಮಳೆಯೆಂಬುದೇ ಇಲ್ಲದಂತೆ. ಏಪ್ರಿಲಿನಲ್ಲಿ ತೊರೆ ತುಂಬಿ ನುಗ್ಗುತ್ತದೆ, ಆ ತಣ್ಣೀರಿನ ಸೆಳೆತಕ್ಕೆ ಮಕ್ಕಳನ್ನು ಕರೆದುಕೊಂಡು ಇಳಿಯುವ ಮಾತೇ ಇಲ್ಲ. ಜುಲೈ ಹೊತ್ತಿಗೆ ಅದೇ ಜಾಗದಲ್ಲಿ ಕಲ್ಲುಗಳ ನಡುವೆ ನಾಲ್ಕು ಬೆರಳು ನೀರು. ಎರಡರ ನಡುವೆ ಸ್ಲೂಸಿಗೆ ಹೊಂದುವ ನೀರು ಇರುವುದು ಕೆಲವೇ ವಾರ, ಶಾಲೆಗೆ ರಜೆ ಸಿಕ್ಕಿ ನಾವು ಹೊರಡುವ ಹೊತ್ತಿಗೆ ಅದು ಮುಗಿದಿರುತ್ತದೆ.

ಅಡಿಗೆ ಒಂದು ಇಂಚು ಇಳಿಜಾರು ಕೊಡಿ ಎನ್ನುವುದು ಎಲ್ಲರೂ ಹೇಳುವ ಲೆಕ್ಕ. ಹೇಳುವುದು ಸುಲಭ. ತೊರೆಯೇ ಅಷ್ಟು ಇಳಿಜಾರಾಗಿ ಹರಿಯದಿದ್ದರೆ ಸ್ಲೂಸಿನ ಬಾಯಿಯನ್ನು ಎತ್ತರಿಸಬೇಕು, ಎತ್ತರಿಸಿದರೆ ಒಳಗೆ ನೀರು ಬರುವುದಿಲ್ಲ. ನೀರು ಬರಬೇಕಾದರೆ ಮೇಲ್ಗಡೆ ಎರಡೂ ಪಕ್ಕ ಕಲ್ಲು ಜೋಡಿಸಿ ಒಡ್ಡಿನಂತೆ ಕಟ್ಟಿ, ಹರಿವನ್ನು ಕಿರಿದು ಮಾಡಿ ಬಾಯಿಗೆ ತಿರುಗಿಸಬೇಕು. ಕಲ್ಲಿನ ಸಂದಿಗೆ ಹುಲ್ಲು, ಜಲ್ಲಿ ತುರುಕಿದರೂ ಅರ್ಧ ನೀರು ಸೋರಿಹೋಗುತ್ತದೆ. ಇಷ್ಟೆಲ್ಲ ಮಾಡಿ ಮುಗಿಸುವಾಗ ಬೆಳಗಿನ ತಂಪು ಹೋಗಿರುತ್ತದೆ. ಸಂಜೆ ಹೊರಡುವ ಮುಂಚೆ ಆ ಒಡ್ಡನ್ನು ಬಿಚ್ಚಿ ಕಲ್ಲುಗಳನ್ನು ಹಿಂದಿನಂತೆ ಹರಡಬೇಕು. ಮೀನು ಓಡಾಡುವ ನೀರು ಅದು, ಹಾಗೆಯೇ ಬಿಟ್ಟುಬರುವುದು ಸರಿಯಲ್ಲ.

ಇಷ್ಟಾದ ಮೇಲೂ ಹರಿವು ಒಂದು ಹದಕ್ಕೆ ಬರುವುದಿಲ್ಲ. ನೀರು ನಿಧಾನವಾದರೆ ಅಡ್ಡಪಟ್ಟಿಗಳ ಹಿಂದೆ ಕಪ್ಪು ಮರಳು ಗಟ್ಟಿಯಾಗಿ ಕೂತುಬಿಡುತ್ತದೆ. ಅಲ್ಲಿ ನೀರು ಸುಳಿ ಸುತ್ತುತ್ತಾ ಮರಳನ್ನು ಸಡಿಲವಾಗಿ ಆಡಿಸುತ್ತಿದ್ದರೆ ಮಾತ್ರ ಚಿನ್ನ ಒಳಗೆ ಇಳಿಯುತ್ತದೆ. ಗಟ್ಟಿಯಾಯಿತೋ, ಹೊಸದಾಗಿ ಬಂದ ಕಣ ಅದರ ಮೇಲೆ ಜಾರಿಕೊಂಡು ಹೊರಗೆ. ನೀರು ಜೋರಾದರೆ ಪಟ್ಟಿಯ ಹಿಂದಿರುವುದೆಲ್ಲ ತೊಳೆದುಹೋಗುತ್ತದೆ. ಒಂದು ಬಕೆಟ್ಟನ್ನು ಒಮ್ಮೆಲೇ ಸುರಿದರೂ ಉಸಿರು ಕಟ್ಟುತ್ತದೆ, ಕೈಕರಣೆಯಿಂದ ಸ್ವಲ್ಪ ಸ್ವಲ್ಪವೇ ಹಾಕುತ್ತಿರಬೇಕು. ಮಕ್ಕಳು ಮೇಲ್ಗಡೆ ನೀರಿಗಿಳಿದು ಆಡಿದರೆ ಹರಿವು ಬದಲಾಯಿತು, ಮತ್ತೆ ಹೊಂದಿಸಿ.

ನನ್ನನ್ನು ನಿಜವಾಗಿ ಸೋಲಿಸಿದ್ದು ಜೇಡಿಮಣ್ಣು. ನಾನು ಅಗೆಯುವ ಜಾಗದಲ್ಲಿ ತಳಬಂಡೆಯ ಬಿರುಕುಗಳಲ್ಲಿ ಜಲ್ಲಿಯ ಜೊತೆ ಹಳದಿ ಜೇಡಿ ಸೇರಿಕೊಂಡಿದೆ, ಚಿನ್ನ ಹೆಚ್ಚಿರುವುದೂ ಅಲ್ಲೇ. ಆ ಜೇಡಿಯ ಉಂಡೆ ಸ್ಲೂಸಿನಲ್ಲಿ ಕರಗುವುದಿಲ್ಲ. ಉರುಳುತ್ತಾ ಹೋಗುತ್ತದೆ, ಉರುಳುವಾಗ ದಾರಿಯಲ್ಲಿ ಸಿಕ್ಕ ಕಣಗಳನ್ನೂ ಮೈಗೆ ಮೆತ್ತಿಕೊಂಡು ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಹೊರಬಿದ್ದ ಗರಸನ್ನು ಬಕೆಟ್ಟಿನಲ್ಲಿ ಹಿಡಿದು ಪ್ಯಾನಿನಲ್ಲಿ ತೊಳೆದು ನೋಡಿದೆ. ಒಳಗೆ ಉಳಿಯಬೇಕಾಗಿದ್ದ ಚಕ್ಕೆಗಳು ಅಲ್ಲಿ ಹೊಳೆಯುತ್ತಿದ್ದವು. "ರೀ, ಇದನ್ನೆಲ್ಲ ಕೈಯಲ್ಲೇ ಕಿವುಚಿ ಹಾಕೋದಾದ್ರೆ ಈ ಡಬ್ಬ ಯಾಕೆ?" ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉಪಕರಣದ ದೋಷ ಎನ್ನುವುದಿಲ್ಲ. ವರ್ಷವಿಡೀ ಒಂದೇ ಸಮ ಹರಿಯುವ, ಜೇಡಿಯಿಲ್ಲದ ನೀರಿಗೆ ಅದು ಸೊಗಸಾದ ಸಾಧನ. ನನ್ನ ತೊರೆ ಅಂಥದ್ದಲ್ಲ, ನನ್ನ ರಜೆಯ ತಿಂಗಳೂ ಅಂಥದ್ದಲ್ಲ.

ಮೋಟಾರಿನ ಪಂಪು ಹಾಕಿದರೆ ನೀರಿನ ಚಿಂತೆ ಇಲ್ಲವಲ್ಲ ಎನ್ನುವವರಿದ್ದಾರೆ. ನೀರಿನಡಿಯ ಮರಳನ್ನು ಹೀರುವ ಡ್ರೆಡ್ಜ್ ಯಂತ್ರಗಳಿಗೆ ಈ ರಾಜ್ಯದಲ್ಲಿ 2009ರಲ್ಲಿ ತಡೆ ಬಿತ್ತು. ಪಂಪಿನ ಮಾತಿಗೆ ಬಂದರೆ, ಆ ಸದ್ದು ಮತ್ತು ಪೆಟ್ರೋಲು ವಾಸನೆ ಇಟ್ಟುಕೊಂಡು ತೊರೆಯ ದಂಡೆಯಲ್ಲಿ ದಿನ ಕಳೆಯುವುದು ನನಗೆ ಬೇಡ.

ಹೀಗೆ ಬಂದದ್ದು ತೊಟ್ಟಿಲಿನ ಯೋಚನೆ. 1848ರಲ್ಲೇ, ಜಾರ್ಜಿಯಾದ ಚಿನ್ನದ ಕೆಲಸ ಬಲ್ಲ ಐಸಾಕ್ ಹಂಫ್ರಿ ಎಂಬುವವನು ಕೊಲೋಮಾದಲ್ಲಿ ಇದನ್ನು ಮಾಡಿ ತೋರಿಸಿದ ಎನ್ನುತ್ತದೆ ಇಲ್ಲಿನ ಇತಿಹಾಸ. ಆಗಿನವರು ಮೂರು ನಾಲ್ಕು ಜನ ಸೇರಿ ನಡೆಸುತ್ತಿದ್ದರು, ಒಬ್ಬ ಅಗೆಯುವುದು, ಒಬ್ಬ ಹೊರುವುದು, ಒಬ್ಬ ತೂಗುವುದು. ಕೆಳಗೆ ಎರಡು ಬಾಗಿದ ಕಾಲುಗಳಿರುವ ಉದ್ದನೆಯ ಮರದ ಪೆಟ್ಟಿಗೆ, ಅದರ ತಲೆಯ ಮೇಲೆ ತೂತು ತಗಡಿನ ಜರಡಿ, ಜರಡಿಯ ಕೆಳಗೆ ಹಿಂದಕ್ಕೆ ಇಳಿಜಾರಾಗಿ ಕಟ್ಟಿದ ಕ್ಯಾನ್ವಾಸ್ ಬಟ್ಟೆ, ಪೆಟ್ಟಿಗೆಯ ತಳದಲ್ಲಿ ಎರಡು ಮೂರು ಅಡ್ಡಪಟ್ಟಿ. ಜರಡಿಗೆ ಗರಸು ಹಾಕಿ, ಮಗ್ಗಿನಿಂದ ನೀರು ಹೊಯ್ಯುತ್ತಾ ತೂಗಿದರೆ ಸಾಕು.

ನನ್ನದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅರ್ಧ ಇಂಚಿನ ಪ್ಲೈವುಡ್. ಮನೆಯಲ್ಲಿ ಉಳಿದಿದ್ದ ಮರವನ್ನೂ ಬಳಸಿದ್ದರಿಂದ ಖರ್ಚು 70 ಡಾಲರ್ ದಾಟಲಿಲ್ಲ. ಮಾಡುವವರಿಗೆ ಕೆಲವು ಮಾತು. ಮೊಳೆ ಬೇಡ, ಸ್ಕ್ರೂ ಹಾಕಿ. ತೂಗಾಟಕ್ಕೆ ಮೊಳೆಗಳು ಸಡಿಲಾಗುತ್ತವೆ. ಮೂಲೆಗಳ ಸಂದಿಗೆಲ್ಲ ಸಿಲಿಕಾನ್ ತುಂಬಿ, ಕೂದಲೆಳೆಯಷ್ಟು ಬಿರುಕಿದ್ದರೂ ಸಣ್ಣ ಚಿನ್ನ ಅಲ್ಲಿಂದಲೇ ಹೋಗುತ್ತದೆ. ಎರಡು ಕೈ ವಾರ್ನಿಷ್ ಹೊಡೆಯಿರಿ, ನೀರು ಕುಡಿದ ಪ್ಲೈವುಡ್ ಉಬ್ಬಿದರೆ ಮುಗಿಯಿತು. ಬಾಗಿದ ಕಾಲುಗಳ ನಡುವಿಗೆ ಒಂದೊಂದು ದಪ್ಪ ಕಬ್ಬಿಣದ ಗೂಟ ಕೊಟ್ಟು, ಕೆಳಗಿನ ಹಲಗೆಯಲ್ಲಿ ಅದಕ್ಕೆ ತೂತು ಕೊರೆಯಬೇಕು. ಇಲ್ಲವಾದರೆ ಪ್ರತಿ ತೂಗಿಗೂ ಪೆಟ್ಟಿಗೆ ಇಳಿಜಾರಿನತ್ತ ಜರುಗುತ್ತದೆ. ಇಡೀ ಉದ್ದಕ್ಕೆ ಎರಡು ಮೂರು ಇಂಚು ಇಳಿಜಾರು ಸಾಕು. ಹಲಗೆಯ ಕೆಳಗೆ ಕಲ್ಲು ಸರಿಸಿ ಒಂದು ಸಲ ಹೊಂದಿಸಿದರೆ ಸಂಜೆಯವರೆಗೂ ಹಾಗೆಯೇ ಇರುತ್ತದೆ, ಏಕೆಂದರೆ ಅದು ಇರುವುದು ದಂಡೆಯ ಮೇಲೆ, ತೊರೆಯೊಳಗಲ್ಲ.

ಕ್ಯಾನ್ವಾಸನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಸ್ವಲ್ಪ ಜೋಲು ಬಿಟ್ಟರೆ ನಡುವೆ ಒಂದು ತಗ್ಗು ಉಂಟಾಗುತ್ತದೆ, ನನಗೆ ಸಿಗುವ ಚಿನ್ನದ ಬಹುಪಾಲು ಆ ತಗ್ಗಿನಲ್ಲೇ. ತಳದ ಪಟ್ಟಿಗಳು ಉಳಿದದ್ದನ್ನು ಹಿಡಿಯುತ್ತವೆ. ಜೇಡಿಯ ಉಂಡೆಗಳು ಜರಡಿಯಲ್ಲೇ ಕಲ್ಲುಗಳ ಜೊತೆ ಉರುಳಾಡಿ, ಉಜ್ಜಿಕೊಂಡು, ನೀರು ಬೀಳುತ್ತಾ ಬೀಳುತ್ತಾ ಕರಗುತ್ತವೆ. ಪೂರ್ತಿ ಕರಗುವವರೆಗೆ ಅವು ಜರಡಿ ದಾಟಿ ಎಲ್ಲಿಗೂ ಹೋಗುವಂತಿಲ್ಲ. ಸ್ಲೂಸಿನಲ್ಲಿ ನನಗೆ ಸಿಗದೆ ಹೋದ ಸಮಾಧಾನ ಇದು. ತುದಿಯಿಂದ ಬಿದ್ದ ಗರಸನ್ನು ಇದಕ್ಕೂ ಪ್ಯಾನಿನಲ್ಲಿ ತೊಳೆದು ನೋಡಿದೆ, ಕಣ್ಣಿಗೆ ಸಿಕ್ಕಿದ್ದು ಧೂಳಿನಂಥ ಒಂದೆರಡು ಚುಕ್ಕೆ ಮಾತ್ರ.

ನೀರಿನ ವಿಷಯಕ್ಕೆ ಬಂದರೆ, ಪಕ್ಕದಲ್ಲಿ ಒಂದು ಗುಂಡಿಯಷ್ಟು ನೀರಿದ್ದರೂ ನಡೆಯುತ್ತದೆ. ಆಗಸ್ಟಿನಲ್ಲಿ ತೊರೆ ನಿಂತು ಮಡುಗಳಷ್ಟೇ ಉಳಿದಾಗ, ಹೊರಬಿದ್ದ ನೀರನ್ನು ಟಬ್ಬಿನಲ್ಲಿ ಹಿಡಿದು, ಕೆಸರು ತಳಕ್ಕಿಳಿದ ಮೇಲೆ ಮತ್ತೆ ಅದನ್ನೇ ಹೊಯ್ದಿದ್ದೇವೆ. ನಾನು ಒಂದು ಕೈಯಲ್ಲಿ ತೂಗುತ್ತೇನೆ, ಹೆಂಡತಿ ನೀರು ಹೊಯ್ಯುತ್ತಾಳೆ, ಮಗಳು ಜರಡಿಯಲ್ಲಿ ಉಳಿದ ಕಲ್ಲುಗಳನ್ನು ಆರಿಸಿ ನೋಡಿ ಎಸೆಯುತ್ತಾಳೆ. ಮೂವರೂ ನೆರಳಲ್ಲಿ ಕೂತೇ ಮಾಡುವ ಕೆಲಸ.

ತೂಕ ಇದರ ದೊಡ್ಡ ಕೊರತೆ. ಒದ್ದೆಯಾದ ಮೇಲಂತೂ ಒಬ್ಬರೇ ಹೊತ್ತು ದೂರ ನಡೆಯಲಾಗದು. ಕಾಲುಗಳನ್ನೂ ಜರಡಿಯನ್ನೂ ರೆಕ್ಕೆ ನಟ್ಟಿನಿಂದ ಕಳಚುವ ಹಾಗೆ ಮಾಡಿಕೊಂಡಿದ್ದೇನೆ. ಆದರೂ ಕಾರು ನಿಲ್ಲಿಸುವ ಜಾಗದಿಂದ ಕಾಲು ಗಂಟೆಯ ನಡಿಗೆಗಿಂತ ಆಚೆಗೆ ಒಯ್ಯುವುದಿಲ್ಲ. ಗುಡ್ಡ ಹತ್ತಿಳಿದು ಒಳಕ್ಕೆ ಹೋಗುವವರಿಗೆ ಸ್ಲೂಸೇ ಸರಿ.

ಎಲ್ಲಿ ಯಾವುದನ್ನು ಬಳಸಬಹುದು ಎನ್ನುವುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಆಬರ್ನ್ ಸ್ಟೇಟ್ ರಿಕ್ರಿಯೇಷನ್ ಏರಿಯಾದಲ್ಲೂ ಕೊಲೋಮಾದ ಮಾರ್ಷಲ್ ಪಾರ್ಕಿನಲ್ಲೂ ಕೈ ಮತ್ತು ಪ್ಯಾನ್ ಬಿಟ್ಟು ಬೇರೇನೂ ಇಳಿಸುವಂತಿಲ್ಲ. ಸ್ಲೂಸ್, ತೊಟ್ಟಿಲು ಎರಡಕ್ಕೂ ಅಲ್ಲಿ ಜಾಗವಿಲ್ಲ. ಫೆಡರಲ್ ಸರ್ಕಾರದ ಭೂ ನಿರ್ವಹಣಾ ಇಲಾಖೆಯಾದ ಬಿಎಲ್‌ಎಮ್‌ನ ಜಮೀನಿನಲ್ಲಿ ಕೈಯಿಂದ ನಡೆಸುವ ಉಪಕರಣಗಳಿಗೆ ಅವಕಾಶವಿರುವ ಕಡೆಗಳುಂಟು, ಅಲ್ಲೂ ಬೇರೆಯವರ ಹೆಸರಿನಲ್ಲಿ ಕ್ಲೈಮ್ (ಆ ಜಾಗದ ಗಣಿ ಹಕ್ಕು) ನೋಂದಣಿಯಾಗಿದ್ದರೆ ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ನಾವು ಹೋಗುವ ತೊರೆಯ ಬಗ್ಗೆ ಪ್ರತಿ ಬೇಸಿಗೆಗೂ ಮುಂಚೆ ಬಿಎಲ್‌ಎಮ್ ಕಚೇರಿಗೆ ಫೋನ್ ಮಾಡಿ ಕೇಳುತ್ತೇನೆ.

ಇನ್ನೊಂದು ಗಂಭೀರ ವಿಷಯ. ಪ್ಯಾನಿನ ತಳದಲ್ಲಿ ಕೆಲವೊಮ್ಮೆ ಬೆಳ್ಳಿಯ ಬಣ್ಣದ ಚಿನ್ನ ಸಿಗುತ್ತದೆ. 1850ರ ದಶಕದಿಂದ ಇಲ್ಲಿ ಗುಡ್ಡಗಳನ್ನೇ ನೀರಿನ ಫಿರಂಗಿಯಿಂದ ಕೊಚ್ಚಿ ಕೆಡವಿ, ಚಿನ್ನ ಹಿಡಿಯಲು ಪಾದರಸ ಸುರಿದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಆ ಕೆಸರನ್ನು ನದಿಗೆ ಬಿಡುವುದಕ್ಕೆ ತಡೆಯೊಡ್ಡಿದ. ಅಷ್ಟರೊಳಗೆ ಸುರಿದ ಪಾದರಸ ಇಂದಿಗೂ ತೊರೆಗಳ ತಳದಲ್ಲಿದೆ. ಬೆಳ್ಳಗಾದ ಚಿನ್ನ ಎಂದರೆ ಪಾದರಸ ಮೆತ್ತಿಕೊಂಡದ್ದು. ಅದನ್ನು ಬೇರೆ ಸೀಸೆಯಲ್ಲಿ ಮುಚ್ಚಿಡಿ. ಮನೆಯಲ್ಲಿ ಬೆಂಕಿಗೆ ಹಿಡಿದು ಬಿಡಿಸುತ್ತೇನೆಂದು ಯಾರೂ ಹೋಗಬೇಡಿ, ಆ ಹೊಗೆ ವಿಷ. ಟಬ್ಬಿನಲ್ಲಿ ನೀರನ್ನು ಮತ್ತೆ ಮತ್ತೆ ಬಳಸುವಾಗ ಮಗಳಿಗೆ ರಬ್ಬರಿನ ಕೈಗವಸು ತೊಡಿಸುವುದೂ ಇದಕ್ಕೇ.

ಸಿಗುವ ಚಿನ್ನದಿಂದ ಕಾರಿನ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ, ಆ ಲೆಕ್ಕದಲ್ಲಿ ಇದಕ್ಕೆ ಇಳಿಯಬಾರದು. ಬೇಸಿಗೆಯ ವಾರಾಂತ್ಯಗಳಲ್ಲಿ, ಕುಟುಂಬದ ಜೊತೆ, ಕಾರಿಗೆ ಹತ್ತಿರದಲ್ಲೇ ಕೂತು ಮಾಡುವ ನನ್ನಂಥವರು ತೊಟ್ಟಿಲು ಮಾಡಿಕೊಳ್ಳಿ. ಮರಗೆಲಸ ಬಾರದು, ಒಬ್ಬರೇ ದೂರ ನಡೆಯುತ್ತೇವೆ, ವಸಂತದಲ್ಲೇ ರಜೆ ಸಿಗುತ್ತದೆ ಎನ್ನುವವರು ಸ್ಲೂಸ್ ಕೊಳ್ಳಿ, ಆದರೆ ಹೊಸದು ಬೇಡ. ಸೆಪ್ಟೆಂಬರಿನ ಹೊತ್ತಿಗೆ ಒಂದೇ ಬೇಸಿಗೆ ಬಳಸಿದ ಸ್ಲೂಸುಗಳು ಅರ್ಧ ಬೆಲೆಗೆ ಮಾರಾಟಕ್ಕೆ ಬರುತ್ತವೆ. ಇನ್ನೂ ಯಾವುದೂ ನಿರ್ಧಾರವಾಗಿಲ್ಲ ಎನ್ನುವವರು ಈ ವರ್ಷ ಪ್ಯಾನ್ ಒಂದನ್ನೇ ಹಿಡಿದು ಹೋಗಿ, ನಿಮ್ಮ ತೊರೆಯಲ್ಲಿ ಜುಲೈ ತಿಂಗಳಲ್ಲಿ ಎಷ್ಟು ನೀರಿರುತ್ತದೆ, ಗರಸಿನಲ್ಲಿ ಜೇಡಿ ಎಷ್ಟಿದೆ ಎನ್ನುವುದನ್ನು ನೋಡಿಕೊಂಡು ಬನ್ನಿ.