ಕಮೋಡೋರ್ 64ಕ್ಕೆ ಅಳಗುಳಿಮಣೆ: ವೈಸ್ ಎಮ್ಯುಲೇಟರ್ ಜೊತೆ ನಾಲ್ಕು ವರ್ಷ

ಕಮೋಡೋರ್ 64 ಕಂಪ್ಯೂಟರಿಗೆ ಅಳಗುಳಿಮಣೆ ಆಟ ಬರೆಯುತ್ತಿದ್ದೇನೆ. ಎರಡು ಸಾಲು, ಸಾಲಿಗೆ ಏಳು ಗುಳಿ. ನಮ್ಮ ಮನೆ ಲೆಕ್ಕದಲ್ಲಿ ಗುಳಿಗೆ ಐದು ಹುಣಸೆ ಬೀಜ, ಒಟ್ಟು 70. 1982ರಲ್ಲಿ ಬಂದ, 64 ಕೆಬಿ ಮೆಮೊರಿಯ ಆ ಯಂತ್ರಕ್ಕೆ ಹೇಳಿ ಮಾಡಿಸಿದಂಥ ಆಟ ಇದು. ಆದರೆ ಆ ಯಂತ್ರವೇ ನನ್ನ ಹತ್ತಿರ ಇಲ್ಲ. ಅಮೆರಿಕ, ಜರ್ಮನಿ, ಇಂಗ್ಲೆಂಡಿನ ಮನೆಗಳಲ್ಲಿ ಲಕ್ಷಗಟ್ಟಲೆ ಇದ್ದ ಈ ಡಬ್ಬಿ ನಮ್ಮ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ನಾಲ್ಕು ವರ್ಷದಿಂದ ನನ್ನ ಪಾಲಿಗೆ ಕಮೋಡೋರ್ ಅಂದರೆ ವೈಸ್ ಎಮ್ಯುಲೇಟರ್, ಅಂದರೆ ಇವತ್ತಿನ ಕಂಪ್ಯೂಟರಿನೊಳಗೆ ಆ ಹಳೆಯ ಯಂತ್ರದ ಹಾಗೆಯೇ ನಡೆದುಕೊಳ್ಳುವ ಪ್ರೋಗ್ರಾಮ್.

ವೈಸ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರೊಳಗೆ ಬೇರೆ ಬೇರೆ ಕಮೋಡೋರ್ ಯಂತ್ರಗಳಿಗೆ ಬೇರೆ ಬೇರೆ ಪ್ರೋಗ್ರಾಮ್ ಇವೆ. ನಮಗೆ ಬೇಕಾದದ್ದು ಎಕ್ಸ್64ಎಸ್‌ಸಿ. ಕೋಡ್ ಬರೆಯುವುದು ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ, ಅದನ್ನು ಅಸೆಂಬ್ಲ್ ಮಾಡುವುದು, ಅಂದರೆ ಯಂತ್ರಕ್ಕೆ ಅರ್ಥವಾಗುವ ಸಂಖ್ಯೆಗಳಾಗಿ ಬದಲಿಸುವುದು, ಕಿಕ್ ಅಸೆಂಬ್ಲರ್. ಒಂದು ಕೀ ಒತ್ತಿದರೆ ಸಾಕು, ಆಟ ವೈಸ್‌ನಲ್ಲಿ ತೆರೆದುಕೊಳ್ಳುತ್ತದೆ. ಆಗಿನವರು ಕ್ಯಾಸೆಟ್ ತಿರುಗುವುದನ್ನು ನೋಡುತ್ತಾ ನಿಮಿಷಗಟ್ಟಲೆ ಕೂರಬೇಕಿತ್ತು, ಅಲ್ವಾ?

ನಾನು ವೈಸ್ ಬಿಟ್ಟು ಹೋಗದಿರಲು ಕಾರಣ ಅದರ ಮಾನಿಟರ್. ಇದು ಪರದೆ ಅಲ್ಲ, ತಪ್ಪು ಹುಡುಕುವ ಸಾಧನ. ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಯಂತ್ರದ ಹೊಟ್ಟೆಯೊಳಗೆ ಇಣುಕಿ ನೋಡಬಹುದು. ಒಂದು ಉದಾಹರಣೆ ಹೇಳುತ್ತೇನೆ. ನನ್ನ ಆಟದಲ್ಲಿ ಬೀಜ ಹಂಚುವ ಕೈ ಒಂದು ಸ್ಪ್ರೈಟ್, ಅಂದರೆ ಪರದೆಯ ಮೇಲೆ ಬೇಕಾದ ಕಡೆ ಓಡಾಡಿಸಬಹುದಾದ ಪುಟ್ಟ ಚಿತ್ರ. ಅಗಲ 24 ಚುಕ್ಕಿ, ಎತ್ತರ 21. ಈ ಕೈ ಬಲಗಡೆಯ ಕೊನೆಯ ಗುಳಿಗಳ ಹತ್ತಿರ ಹೋದಾಗ ಒಮ್ಮೊಮ್ಮೆ ಪಟ್ಟನೆ ಎಡಕ್ಕೆ ಹಾರಿಬಿಡುತ್ತಿತ್ತು. ಸ್ಪ್ರೈಟ್ ಎಡದಿಂದ ಎಷ್ಟು ದೂರದಲ್ಲಿದೆ ಅನ್ನುವುದು ಒಂದು ಬೈಟ್‌ನಲ್ಲಿ ಇರುತ್ತದೆ, ಹಾಗಾಗಿ 255ರ ತನಕ ಮಾತ್ರ. ಪರದೆ ಅದಕ್ಕಿಂತ ಅಗಲ. 255 ದಾಟಿದರೆ ಮೆಮೊರಿಯ 53264ನೇ ವಿಳಾಸದಲ್ಲಿ ಆ ಸ್ಪ್ರೈಟಿನ ಬಿಟ್ ಅನ್ನು 1 ಮಾಡಬೇಕು. ಎಂಟು ಸ್ಪ್ರೈಟಿಗೂ ತಲಾ ಒಂದು ಬಿಟ್‌ನಂತೆ ಸೇರಿ ಇರುವುದು ಅದೊಂದೇ ಬೈಟ್. ಇದೆಲ್ಲ ಗೊತ್ತಿತ್ತು, ಕೋಡಿನಲ್ಲೂ ಮಾಡಿದ್ದೆ. ಆದರೂ ಕೈ ಹಾರುತ್ತಿತ್ತು.

ಎರಡು ರಾತ್ರಿ ಸುಮ್ನೆ ಕೋಡ್ ಓದುತ್ತಾ ಕೂತೆ. ಮೂರನೇ ದಿನ ಮಾನಿಟರ್ ತೆರೆದು, 53264ಕ್ಕೆ ಯಾರೇ ಬರೆದರೂ ಆಟ ನಿಲ್ಲಲಿ ಅಂತ ಒಂದು ಕಾವಲು ಹಾಕಿದೆ. ಮೊದಲ ಸಲ ನಿಂತಿದ್ದು ಕೈ ಚಲಿಸುವ ಕೋಡಿನಲ್ಲಿ, ಅದು ಸರಿಯಾಗಿತ್ತು. ಎರಡನೇ ಸಲ ನಿಂತಿದ್ದು ಯಾರ ಸರದಿ ಅಂತ ತೋರಿಸುವ ಬಾಣದ ಕೋಡಿನಲ್ಲಿ! ಅದು ತನ್ನ ಒಂದು ಬಿಟ್ ಬದಲಿಸುವ ಬದಲು ಇಡೀ ಬೈಟ್ ಒರೆಸಿ ಸೊನ್ನೆ ಬರೆಯುತ್ತಿತ್ತು. ಹತ್ತು ನಿಮಿಷದ ಕೆಲಸ. ಕಿಕ್ ಅಸೆಂಬ್ಲರ್ ನನ್ನ ಲೇಬಲ್‌ಗಳನ್ನು ವೈಸ್‌ಗೆ ಓದಲು ಬರುವ ಹಾಗೆ ಬರೆದು ಕೊಡುತ್ತದೆ. ಹಾಗಾಗಿ ಮಾನಿಟರ್‌ನಲ್ಲಿ ಬರೀ ನಂಬರ್ ಅಲ್ಲ, ನಾನೇ ಇಟ್ಟ ಹೆಸರು ಕಾಣಿಸುತ್ತದೆ. ಇದನ್ನು ಮೊದಲ ದಿನವೇ ಹೊಂದಿಸಿಕೊಳ್ಳಿ.

ಸಮಯ ಅಳೆಯುವ ಹಳೆಯ ಕಾಲದ ಉಪಾಯವೂ ವೈಸ್‌ನಲ್ಲಿ ಹಾಗೆಯೇ ನಡೆಯುತ್ತದೆ. ಯುರೋಪಿನ ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಒಂದು ಫ್ರೇಮ್ (ಪರದೆಯ ಒಂದು ಪೂರ್ತಿ ಚಿತ್ರ) ಅಂದರೆ 312 ಗೆರೆ, ಗೆರೆಗೆ 63 ಸೈಕಲ್ (ಪ್ರೊಸೆಸರಿನ ಒಂದೊಂದು ಹೆಜ್ಜೆ), ಒಟ್ಟು 19,656. ಸೆಕೆಂಡಿಗೆ ಸುಮಾರು 50 ಫ್ರೇಮ್. ಯಾವ ಕೆಲಸ ಎಷ್ಟು ಹೊತ್ತು ತಿನ್ನುತ್ತದೆ ಅಂತ ನೋಡಲು, ಆ ಕೆಲಸ ಶುರುವಾಗುವಾಗ 53280ಕ್ಕೆ ಬರೆದು ಅಂಚಿನ ಬಣ್ಣ ಬದಲಿಸಿ, ಮುಗಿದಾಗ ಮೊದಲಿನ ಬಣ್ಣ ವಾಪಸ್ ಹಾಕಿ. ಅಂಚಿನಲ್ಲಿ ಒಂದು ಪಟ್ಟಿ ಕಾಣುತ್ತದೆ. ಅದರ ದಪ್ಪವೇ ನಿಮ್ಮ ಸಮಯ. ನನ್ನ ಬೀಜ ಬಿಡಿಸುವ ಕೋಡಿನ ಪಟ್ಟಿ ಮೊದಲು ಅರ್ಧ ಪರದೆಯಷ್ಟಿತ್ತು. ಬದಲಾದ ಗುಳಿಯನ್ನು ಮಾತ್ರ ಬಿಡಿಸುವ ಹಾಗೆ ತಿದ್ದಿದ ಮೇಲೆ ಬೆರಳಿನಷ್ಟು ತೆಳ್ಳಗಾಯಿತು.

ಕನ್ನಡ ಅಕ್ಷರಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಈ ಯಂತ್ರದಲ್ಲಿ ಒಂದು ಅಕ್ಷರ ಅಂದರೆ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ಒಂದು ಸೆಟ್‌ಗೆ 256 ಅಕ್ಷರ, 2,048 ಬೈಟ್. ಕನ್ನಡದ ಅಂಕಿಗಳು ಆ ಚೌಕದಲ್ಲಿ ಹೇಗೋ ಕೂರುತ್ತವೆ. ಅಕ್ಷರಗಳು ಕೂರುವುದಿಲ್ಲ. ಹಾಗಾಗಿ ಚಾರ್‌ಪ್ಯಾಡ್ ಎಂಬ ಅಕ್ಷರ ಬಿಡಿಸುವ ಪ್ರೋಗ್ರಾಮ್‌ನಲ್ಲಿ ನಾಲ್ಕು ಚೌಕ ಸೇರಿಸಿ ಒಂದೊಂದು ಅಕ್ಷರ ಬಿಡಿಸಿದೆ. "ಗೆದ್ದಿರಿ" ಅಂತ ಬರೆಯಲು ದಕಾರದ ಒತ್ತಿಗೆ ಕೆಳಗೆ ಇನ್ನೊಂದು ಸಾಲು ಬೇಕಾಯಿತು. ಇಡೀ ಕಾಗುಣಿತ ಹಿಡಿಯುವ ಜಾಗ ಇಲ್ಲ. ಆಟಕ್ಕೆ ಬೇಕಾದ ಪದಗಳ ಅಕ್ಷರ ಮಾತ್ರ ಇಟ್ಟುಕೊಂಡೆ. ಆ ನೀಲಿ ಪರದೆಯ ಮೇಲೆ "ಅಳಗುಳಿಮಣೆ" ಅಂತ ಮೊದಲ ಸಲ ಮೂಡಿದಾಗ ತುಂಬಾ ಹೊತ್ತು ಸುಮ್ಮನೆ ನೋಡುತ್ತಾ ಕೂತಿದ್ದೆ.

ಒಂದು ಎಚ್ಚರಿಕೆ. ಹೋದ ವರ್ಷ ಅಕ್ಕ ಜರ್ಮನಿಯಲ್ಲಿ ತನ್ನ ಗೆಳತಿಯ ಮನೆಯ ನಿಜವಾದ ಕಮೋಡೋರ್‌ನಲ್ಲಿ ಈ ಆಟ ಹಾಕಿ ವಿಡಿಯೋ ಕಳಿಸಿದಳು. ಆಟ ಶುರುವಾಗುತ್ತಲೇ ಒಂದು ಗುಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಬೀಜ! ನಾನು ಆ ಜಾಗದ ಮೆಮೊರಿಯನ್ನು ಮೊದಲು ಸೊನ್ನೆ ಮಾಡಿರಲಿಲ್ಲ. ವೈಸ್‌ನಲ್ಲಿ ಅಲ್ಲಿ ಸೊನ್ನೆಯೇ ಇತ್ತು, ಹಾಗಾಗಿ ತಪ್ಪು ಕಾಣಿಸಿರಲಿಲ್ಲ. ನಿಜವಾದ ಯಂತ್ರ ಆನ್ ಆದಾಗ ಮೆಮೊರಿಯಲ್ಲಿ ಏನಿರುತ್ತದೆ ಅಂತ ನಂಬುವ ಹಾಗಿಲ್ಲ. ಮೆಮೊರಿ ಏನು ತುಂಬಿಕೊಂಡು ಶುರುವಾಗಬೇಕು ಅನ್ನುವುದನ್ನು ವೈಸ್‌ನ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಈಗ ವಾರಕ್ಕೊಮ್ಮೆ ಬದಲಿಸಿ ನೋಡುತ್ತೇನೆ.

ಕೊರತೆ ಇಲ್ಲ ಅಂತಲ್ಲ. ಸೆಟ್ಟಿಂಗ್‌ಗಳು ವಿಪರೀತ, ಹೊಸಬರಿಗೆ ತಲೆ ತಿರುಗುತ್ತದೆ. ನಾವಾಗಿ ಹೇಳದಿದ್ದರೆ ಅವು ಉಳಿಯುವುದೂ ಇಲ್ಲ. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್ ಆದರೆ ಜಾಯ್‌ಸ್ಟಿಕ್‌ಗೆ ಬೇರೆ ಕೀಗಳನ್ನು ನೀವೇ ಗೊತ್ತುಮಾಡಬೇಕು. ಒಂದು ಸಂಜೆ ಕೂತರೆ ಮುಗಿಯುವ ಕೆಲಸ.

ಈಗ ಸದ್ದಿನ ಕೆಲಸ ನಡೆದಿದೆ. ಕಮೋಡೋರ್‌ನಲ್ಲಿ ಸದ್ದು ಹೊರಡಿಸುವ ಸಿಡ್ ಚಿಪ್‌ನಲ್ಲಿ ಎರಡು ತರಹ, 6581 ಮತ್ತು 8580. ಎರಡರ ಫಿಲ್ಟರ್ ಬೇರೆ ಬೇರೆ ಕೇಳಿಸುತ್ತದೆ. ವೈಸ್‌ನಲ್ಲಿ ಎರಡನ್ನೂ ಬದಲಿಸಿ ಬದಲಿಸಿ ಕೇಳಬಹುದು. ಬೀಜ ಮರದ ಗುಳಿಗೆ ಬೀಳುವ ಸದ್ದು ಮಾಡಿ ಅಮ್ಮನಿಗೆ ಕೇಳಿಸಿದೆ. ಅಮ್ಮ ಕಣ್ಣು ಮುಚ್ಚಿಕೊಂಡು ಎರಡು ಸಲ ಕೇಳಿ, "ಇದು ಕವಡೆ ಸದ್ದು ಕಣೋ, ಹುಣಸೆ ಬೀಜದ್ದಲ್ಲ" ಅಂದರು. ಅದನ್ನೇ ತಿದ್ದುತ್ತಿದ್ದೇನೆ.